ರಾಜ್ಯೋತ್ಸವದಲ್ಲಿ ಕೂಡಿಸಿದ 86,400 ರೂಪಾಯಿ ಸುಡಾನ್‌ಗೆ ತಲುಪಿಸುವುದು ಹೇಗೆ? (ಪುಣೆ)

ಕೊಂಢ್ವಾ_ಕಾವೇರಿ
ಎಲ್ಲರಿಗೂ ನಮಸ್ಕಾರ. ನಾವು ಪುಣೆಯ ಕೊಂಢ್ವಾದಲ್ಲಿ 14 ವರ್ಷದಿಂದ ಇದ್ದೇವೆ. ನಮ್ಮ ಬಿಲ್ಡಿಂಗ್‌ನ ಎರಡನೇ ಮಹಡಿಯಲ್ಲಿ ಸುಡಾನ್‌ನ ಐದು ಹುಡುಗರಿದ್ದಾರೆ, ಪಕ್ಕದ ವಿಂಗ್‌ನಲ್ಲಿ ಇನ್ನಿಬ್ಬರು. ಎಲ್ಲರೂ ಕಾಲೇಜು ಓದುವವರು, ಅವರ ದೇಶದಲ್ಲಿ ಯುದ್ಧ. ಮೊದಲೆಲ್ಲ ಮೆಟ್ಟಿಲ ಮೇಲೆ ಸಿಕ್ಕರೆ ನಗುವುದು, ಅಷ್ಟೇ ಇತ್ತು.

ಕಳೆದ ಮೇ ತಿಂಗಳಲ್ಲಿ ಒಬ್ಬ ಹುಡುಗ ರಾತ್ರಿ ಒಂಬತ್ತಕ್ಕೆ ಬಾಗಿಲು ತಟ್ಟಿದ. ಹತ್ತು ನಿಮಿಷ ವೈಫೈ ಕೊಡುತ್ತೀರಾ ಎಂದು ಕೇಳಿದ. ಮೊಬೈಲ್ ರೀಚಾರ್ಜ್ ಮುಗಿದಿತ್ತು, 11 ದಿನಗಳ ಮೇಲೆ ಅವನ ಅಮ್ಮನ ವಾಯ್ಸ್ ಮೆಸೇಜ್ ಬಂದಿತ್ತು. ಹೊಸ್ತಿಲ ಹತ್ತಿರ ನಿಂತೇ ಮೂರು ಸಲ ಕೇಳಿದ. ಒಳಗೆ ಬಾ ಅಂದರೂ ಬರಲಿಲ್ಲ.

ಆಮೇಲೆ ಪರಿಚಯ ಬೆಳೆಯಿತು. ಅವನ ಅಕ್ಕ ಸುಡಾನ್‌ನ ಓಮ್ಡುರ್ಮನ್ ನಗರದಲ್ಲಿ ಒಂದು ಶಾಲೆಯ ಅಂಗಳದಲ್ಲಿ ಅಡುಗೆ ಮನೆ ನಡೆಸುತ್ತಾಳೆ. ನಮ್ಮ ಗಂಜಿ ಕೇಂದ್ರ ಇದ್ದ ಹಾಗೆ. ಓಣಿಯವರೇ ಸೇರಿ ಮಾಡುವುದು. ಫೋಟೋ ತೋರಿಸಿದ: ಮೂರು ಕಲ್ಲಿನ ಮೇಲೆ ಎರಡು ದೊಡ್ಡ ಹಂಡೆ. ಮುಂದೆ ಮಕ್ಕಳು ಸಾಲಾಗಿ ಇಟ್ಟ ಡಬ್ಬಿಗಳು. ಖಾಲಿ ಪೇಂಟ್ ಡಬ್ಬಕ್ಕೆ ತಂತಿಯ ಹಿಡಿ ಕಟ್ಟಿದ್ದಾರೆ. ಗೋಡೆಗೆ ಒಂದು ರಟ್ಟು ಒರಗಿಸಿದೆ, ಅದರ ಮೇಲೆ ಆ ದಿನ ಏನು ಬೇಕು ಎಂದು ಇದ್ದಿಲಿನಲ್ಲಿ ಬರೆದಿದೆ. ಬೇಳೆ 3 ಚೀಲ, ಎಣ್ಣೆ 2 ಡಬ್ಬ, ಉಪ್ಪು, ಕಟ್ಟಿಗೆ.

ನಮ್ಮ ಮಹಿಳಾ ಬಳಗದಲ್ಲಿ ಇದನ್ನು ಹೇಳಿದೆ. ರಾಜ್ಯೋತ್ಸವದ ದಿನ ತಿಂಡಿ ಮಳಿಗೆ ಹಾಕಿ, ಹುಂಡಿ ಇಟ್ಟು 86,400 ರೂಪಾಯಿ ಕೂಡಿಸಿದೆವು. 11 ಚೀಲ ಬಟ್ಟೆಯೂ ಬಂದಿದೆ. ಈಗ ಇದನ್ನು ಅಲ್ಲಿಗೆ ಕಳಿಸುವುದು ಹೇಗೆ? ಬ್ಯಾಂಕಿನಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಿಳಿದವರು ದಯವಿಟ್ಟು ಹೇಳಿ.

ಭೀಮಾ_ದಂಡೆ
ಒಳ್ಳೆ ಕೆಲಸ ಅಕ್ಕ. ಆದರೆ ಬಟ್ಟೆ ಮಾತ್ರ ಕಳಿಸಬೇಡಿ. ದಯವಿಟ್ಟು.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಬಂದಾಗ ಸಾಂಗ್ಲಿಯಿಂದ ಚಿಕ್ಕೋಡಿವರೆಗೆ ನಾವು ಹತ್ತು ಜನ ಟೆಂಪೋ ತಗೊಂಡು ಓಡಾಡಿದ್ದೆವು. ಒಂದು ಶಾಲೆಯ ವರಾಂಡದಲ್ಲಿ ಬಟ್ಟೆಯ ರಾಶಿ ಕಿಟಕಿಯವರೆಗೆ ಬಿದ್ದಿತ್ತು. ಜೋಡಿ ಇಲ್ಲದ ಚಪ್ಪಲಿ, ಕೊಕ್ಕೆ ಕಿತ್ತ ರವಿಕೆ, ಯಾರದ್ದೋ ಮದುವೆಯ ಕೋಟು. ಮಳೆ ಬಿದ್ದು ಎಲ್ಲ ಮುಗ್ಗಲು ಹಿಡಿಯಿತು. ಕೊನೆಗೆ ಅದನ್ನು ಎತ್ತಿ ಹಾಕಲು ಒಂದು ದಿನ ಟ್ರ್ಯಾಕ್ಟರ್ ಬೇಕಾಯಿತು. ಆ ಟ್ರ್ಯಾಕ್ಟರ್‌ನಲ್ಲಿ ಕುಡಿಯುವ ನೀರು ತರಬಹುದಿತ್ತು.

ಆ ಊರಿನ ಹೆಂಗಸರು ಕೇಳಿದ್ದು ಒಳಬಟ್ಟೆ, ಟಾರ್ಚು, ಸೊಳ್ಳೆಪರದೆ. ಅದನ್ನು ಯಾರೂ ತಂದಿರಲಿಲ್ಲ.

ಅಂಧೇರಿ_ಶೆಟ್ಟಿ
ನಿಜ. ಅದೂ ಸುಡಾನ್‌ಗೆ ಬಟ್ಟೆ ಹೋಗುವುದು ಯಾವ ದಾರಿಯಲ್ಲಿ? ಹಡಗಿನಲ್ಲಿ ಪೋರ್ಟ್ ಸುಡಾನ್‌ವರೆಗೆ ಮುಟ್ಟಿಸಬಹುದು. ಅಲ್ಲಿಂದ ಓಮ್ಡುರ್ಮನ್‌ಗೆ ನೂರಾರು ಕಿಲೋಮೀಟರ್ ಇದೆ. ಸಾಗಣೆ ಖರ್ಚಿನಲ್ಲಿ ಅಲ್ಲೇ ಹೊಸ ಬಟ್ಟೆ ಕೊಳ್ಳಬಹುದು.

ಕೊಂಢ್ವಾ_ಕಾವೇರಿ
ಸರಿ, ಬಟ್ಟೆ ಕಳಿಸುವುದಿಲ್ಲ. ಆದರೆ ಕೊಟ್ಟವರಿಗೆ ಏನು ಹೇಳಲಿ? ತುಂಬಾ ಪ್ರೀತಿಯಿಂದ ಇಸ್ತ್ರಿ ಮಾಡಿ ಕೊಟ್ಟಿದ್ದಾರೆ.

ಭೀಮಾ_ದಂಡೆ
ಬಳಗದವರೇ ಕೂತು ವಿಂಗಡಿಸಿ. ಚೆನ್ನಾಗಿರುವ ಹತ್ತಿ ಬಟ್ಟೆಯನ್ನು ಗೂಂಜ್‌ನಂಥ ಸಂಸ್ಥೆಗೆ ಕೊಡಬಹುದು. ಅವರು ಹಳೆ ಹತ್ತಿ ಬಟ್ಟೆಯನ್ನು ಒಗೆದು, ಕತ್ತರಿಸಿ, ಮುಟ್ಟಿನ ಬಟ್ಟೆ ಮಾಡಿ ಹಳ್ಳಿಗಳಿಗೆ ಕೊಡುತ್ತಾರೆ. ಇದನ್ನೇ ಕೊಟ್ಟವರಿಗೂ ಹೇಳಿ, ಖುಷಿಪಡುತ್ತಾರೆ.

ನೇರಮಾತು
ನನ್ನದೊಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ತುಂಬಿ ಕಲಬುರಗಿ, ವಿಜಯಪುರ, ಸೊಲ್ಲಾಪುರ ಎಲ್ಲ ಕಡೆ ಹೊಲ ಮುಳುಗಿದವು. ತೊಗರಿ ಕೊಳೆತು ಹೋಯಿತು. ಮಣಿಪುರದಲ್ಲಿ 2023ರ ಮೇ ತಿಂಗಳಿಂದ ಸಾವಿರಾರು ಜನ ಪರಿಹಾರ ಶಿಬಿರದಲ್ಲೇ ಇದ್ದಾರೆ. 2025ರ ಮೇ ತಿಂಗಳಲ್ಲಿ ಕಾಶ್ಮೀರದ ಗಡಿಯ ಪೂಂಛ್‌ನ ಮನೆಗಳ ಮೇಲೆ ಶೆಲ್ ಬಿದ್ದವು. ಇವರನ್ನೆಲ್ಲ ಬಿಟ್ಟು ಸುಡಾನ್ ಯಾಕೆ? ಕನ್ನಡಿಗರ ದುಡ್ಡು ಮೊದಲು ನಮ್ಮವರಿಗೆ ಹೋಗಬೇಕು.

ಮಲ್ದಂಡಿ_ಜೋಳ
ನಮ್ಮ ತವರು ಇಂಡಿ ತಾಲ್ಲೂಕು. ಈ ಸಲ ನೀರು ಬಂದಾಗ ನಮ್ಮ ಅಣ್ಣನ ಹೊಲವೂ ಹೋಯಿತು. ನಾವು ಅಲ್ಲಿಗೂ ಕೊಟ್ಟಿದ್ದೇವೆ, ಇಲ್ಲಿಗೂ ಕೊಟ್ಟಿದ್ದೇವೆ. ಒಂದು ಕೈಯಲ್ಲಿ ಕೊಟ್ಟರೆ ಇನ್ನೊಂದು ಕೈ ಖಾಲಿಯಾಗುವುದಿಲ್ಲ.

ಇನ್ನೊಂದು ಮಾತು. ಆ ಹುಡುಗರು ಕಾವೇರಿ ಅಕ್ಕನ ಮನೆ ಮೆಟ್ಟಿಲ ಮೇಲೆಯೇ ಇದ್ದಾರಲ್ಲ, ಇನ್ನು ದೂರದವರು ಹೇಗಾದರು?

ನೇರಮಾತು
ಮಾತು ಸರಿ ಇದೆ. ಆದರೂ ದುಡ್ಡು ನಿಜವಾಗಿ ಮುಟ್ಟುತ್ತದೆ ಅಂತ ಹೇಗೆ ನಂಬುವುದು? ಯುದ್ಧ ನಡೆಯುವ ಜಾಗದಲ್ಲಿ ಯಾರ ಕೈಗೆ ಹೋಗುತ್ತದೋ.

ದಾದರ್_ಸಿಎ
ಹಣದ ವಿಷಯಕ್ಕೆ ಬರೋಣ. ನಾನು ದಾದರ್‌ನಲ್ಲಿ ಲೆಕ್ಕ ಪರಿಶೋಧಕ, ಮೂರ್ನಾಲ್ಕು ಕನ್ನಡ ಸಂಘಗಳ ಲೆಕ್ಕ ನೋಡುತ್ತೇನೆ. ನಿಧಾನವಾಗಿ ಓದಿ.

ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆ ಇದೆ. ವರ್ಷಕ್ಕೆ ಒಬ್ಬರು 2,50,000 ಡಾಲರ್‌ವರೆಗೆ ಕಳಿಸಬಹುದು. ದಾನ, ಉಡುಗೊರೆ ಎರಡೂ ಅದರಲ್ಲಿ ಬರುತ್ತವೆ. ಪ್ಯಾನ್ ಬೇಕು, ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬಬೇಕು. ಆದರೆ ಇದು ವ್ಯಕ್ತಿಗಳಿಗೆ ಮಾತ್ರ. ಸಂಘ, ಟ್ರಸ್ಟ್, ಕಂಪನಿಗೆ ಇಲ್ಲ. ಹುಂಡಿಯಲ್ಲಿ ಕೂಡಿಸಿದ ಹತ್ತಾರು ಜನರ ದುಡ್ಡನ್ನು ಕಾವೇರಿ ಮೇಡಂ ತಮ್ಮ ಖಾತೆಗೆ ಹಾಕಿಕೊಂಡು ತಮ್ಮ ಹೆಸರಲ್ಲಿ ಕಳಿಸಬಾರದು. ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡುವುದು ಕಷ್ಟ.

ಇನ್ನು ಟ್ರಸ್ಟ್‌ಗಳ ಮಾತು. ಇಲ್ಲಿನ ಧರ್ಮಾರ್ಥ ಟ್ರಸ್ಟ್ ತನ್ನ ಹಣವನ್ನು ಭಾರತದ ಹೊರಗೆ ಖರ್ಚು ಮಾಡಿದರೆ ತೆರಿಗೆ ವಿನಾಯಿತಿಗೆ ಪೆಟ್ಟು ಬೀಳುತ್ತದೆ. ಅದಕ್ಕೇ ಹೆಚ್ಚಿನವರು ಆ ಕಡೆ ಹೋಗುವುದಿಲ್ಲ. ತೆರಿಗೆ ರಿಯಾಯಿತಿಯ ರಸೀದಿ ಕೊಡುತ್ತೇವೆ, ಹಣ ಸುಡಾನ್‌ಗೆ ಕಳಿಸುತ್ತೇವೆ ಅಂತ ಯಾರಾದರೂ ಒಂದೇ ಉಸಿರಲ್ಲಿ ಹೇಳಿದರೆ ಎರಡು ಸಲ ವಿಚಾರಿಸಿ.

ಜುಹು_ಹುಡುಗ
ದುಬೈನಲ್ಲಿ ನನ್ನ ಗೆಳೆಯ ಇದ್ದಾನೆ. ಇಲ್ಲಿ ಯಾರಿಗಾದರೂ ರೂಪಾಯಿ ಕೊಟ್ಟರೆ ಅಲ್ಲಿ ಅವನು ಸುಡಾನ್‌ನವರಿಗೆ ಕೊಡುತ್ತಾನೆ. ಸುಡಾನ್‌ನವರು ಬಂಕಕ್ ಅನ್ನೋ ಬ್ಯಾಂಕ್ ಆ್ಯಪ್‌ನಲ್ಲಿ ಒಂದೇ ನಿಮಿಷದಲ್ಲಿ ಊರಿಗೆ ಹಾಕುತ್ತಾರಂತೆ. ಇಷ್ಟೆಲ್ಲ ಫಾರ್ಮ್ ಯಾಕೆ?

ದಾದರ್_ಸಿಎ
ಅದಕ್ಕೆ ಹವಾಲಾ ಅಂತಾರೆ. ವಿದೇಶಿ ವಿನಿಮಯದ ಫೆಮಾ ಕಾಯ್ದೆ ಪ್ರಕಾರ ತಪ್ಪು. ಒಳ್ಳೆ ಕೆಲಸಕ್ಕೆ ಮಾಡಿದರೂ ತಪ್ಪೇ. ಮೊದಲು ಸಿಕ್ಕಿಬೀಳುವುದು ನೀವಲ್ಲ, ಆ ವಿದ್ಯಾರ್ಥಿ. ಅವನ ವೀಸಾ ಹೋದರೆ ಅವನು ಯಾವ ಊರಿಗೆ ವಾಪಸ್ ಹೋಗುತ್ತಾನೆ?

ಅಬುಧಾಬಿ_ಕುಂದಾಪ್ರ
ಇಲ್ಲಿಂದಲೂ ಒಂದು ಎಚ್ಚರಿಕೆ. ಎಮಿರೇಟ್ಸ್‌ನಲ್ಲಿ ಅನುಮತಿ ಇಲ್ಲದೆ ಚಂದಾ ಎತ್ತುವುದೇ ಅಪರಾಧ. ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದರೂ ದಂಡ ಬೀಳಬಹುದು. ಅನುಮತಿ ಇರುವ ಸಂಸ್ಥೆಗೆ ನಮ್ಮ ನಮ್ಮ ಸಂಬಳದಿಂದ ಕೊಡಬಹುದು, ಅಷ್ಟೇ.

ಅಂದ ಹಾಗೆ ಸಿಎ ಸರ್, ನಾನು ಪುಣೆಯ ಈ ಬಳಗಕ್ಕೆ ಕೊಟ್ಟರೆ ವಿದೇಶಿ ದೇಣಿಗೆ ಆಗುತ್ತದಾ?

ದಾದರ್_ಸಿಎ
ನಿಮ್ಮದು ಭಾರತದ ಪಾಸ್‌ಪೋರ್ಟ್ ತಾನೇ? ಹಾಗಿದ್ದರೆ ವಿದೇಶಿ ದೇಣಿಗೆ ಕಾಯ್ದೆ ಎಫ್‌ಸಿಆರ್‌ಎ ಪ್ರಕಾರ ಅದು ವಿದೇಶಿ ದೇಣಿಗೆ ಅಲ್ಲ. ನಿಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕವೇ ಕಳಿಸಿ. ಅಮೆರಿಕದ ಪಾಸ್‌ಪೋರ್ಟ್ ತೆಗೆದುಕೊಂಡ ನೆಂಟರಿಂದ ಮಾತ್ರ ತೆಗೆದುಕೊಳ್ಳಬೇಡಿ. ಅವರ ಕೈಯಲ್ಲಿ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅದು ವಿದೇಶಿ ಹಣವೇ. ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟುವ ಹಾಗಿಲ್ಲ.

ಮಾಟುಂಗಾ_ಹಿರಿಯ
ಯುದ್ಧ ದೂರದ್ದು ಅಂತ ಹೇಳಿದವರಿಗೆ ಒಂದು ಹಳೆ ಕಥೆ ಹೇಳುತ್ತೇನೆ. 1990ರ ಆಗಸ್ಟ್ 2ಕ್ಕೆ ಇರಾಕ್ ಸೈನ್ಯ ಕುವೈತ್‌ಗೆ ನುಗ್ಗಿತು. ನನ್ನ ತಮ್ಮ ಅಲ್ಲಿ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಬಸ್ಸಿನಲ್ಲಿ ಮರುಭೂಮಿ ದಾಟಿ ಜೋರ್ಡನ್‌ನ ಅಮ್ಮಾನ್‌ಗೆ ಬಂದು, ಟೆಂಟಿನಲ್ಲಿ ಎರಡು ವಾರ ಕಾದ. ಏರ್ ಇಂಡಿಯಾ ಅಲ್ಲಿಂದ ಮುಂಬೈಗೆ 488 ಸಲ ವಿಮಾನ ಓಡಿಸಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ಸರ್ಕಾರದ ಕೆಲಸ ದೊಡ್ಡದು, ಒಪ್ಪುತ್ತೇನೆ.

ಆದರೆ ಮುಂಬೈನ ಸಹಾರ್ ವಿಮಾನ ನಿಲ್ದಾಣದಿಂದ ಹೊರಗೆ ಬಂದ ಮೇಲೆ? ಕೈಯಲ್ಲಿದ್ದ ದಿನಾರ್‌ಗೆ ಬೆಲೆ ಇಲ್ಲ. ಊರಿಗೆ ಹೋಗಲು ಬಸ್ ಚಾರ್ಜ್ ಇಲ್ಲ. ನಾವು ಮಾಟುಂಗಾದ ಹುಡುಗರು ಸರದಿ ಹಾಕಿಕೊಂಡು ರಾತ್ರಿಯೆಲ್ಲ ಬಾಗಿಲ ಹತ್ತಿರ ನಿಲ್ಲುತ್ತಿದ್ದೆವು. ಕನ್ನಡ, ತುಳು, ಕೊಂಕಣಿ ಯಾವ ಮಾತು ಕಿವಿಗೆ ಬಿದ್ದರೂ ಕೈ ಹಿಡಿದು ಕರೆದುಕೊಂಡು ಬರುವುದು. ಒಂದು ಹೋಟೆಲಿನ ಯಜಮಾನರು ಮೇಲಿನ ಹಾಲ್ ಖಾಲಿ ಮಾಡಿಸಿ ಚಾಪೆ ಹಾಸಿದರು. ಬೆಳಿಗ್ಗೆ ಇಡ್ಲಿ, ಕೈಗೆ ಬಸ್ ಟಿಕೆಟ್. ಯಾರ ಹೆಸರನ್ನೂ ಎಲ್ಲೂ ಬರೆದುಕೊಳ್ಳಲಿಲ್ಲ.

ನನ್ನ ತಮ್ಮ ಬಂದದ್ದು ಅಂಥ ಒಂದು ರಾತ್ರಿ. ಮೈಮೇಲಿನ ಅಂಗಿ ಬಿಟ್ಟರೆ ಏನೂ ಇರಲಿಲ್ಲ. ಅಮ್ಮಾನ್‌ನ ಟೆಂಟಿನಲ್ಲಿ ದಿನಾ ರೊಟ್ಟಿ ತಂದುಕೊಡುತ್ತಿದ್ದ ಅಲ್ಲಿನ ಮುದುಕನೊಬ್ಬನ ವಿಷಯ ಇವತ್ತಿಗೂ ಹೇಳುತ್ತಾನೆ.

ತುಂಗೆ_ತೀರ
ಅಜ್ಜಾ, ಓದಿ ಕಣ್ಣು ತುಂಬಿತು.

ಸುಡಾನ್‌ಗೂ ನಮಗೂ ಸಂಬಂಧ ಇಲ್ಲ ಅನ್ನುವವರು 2023ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಯುದ್ಧ ಶುರುವಾದದ್ದು 15ನೇ ತಾರೀಖು. ನಮ್ಮ ಶಿವಮೊಗ್ಗ ಕಡೆಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ, ಎಣ್ಣೆ ಮಾರಲು ಅಲ್ಲಿಗೆ ಹೋಗಿದ್ದವರು ಮನೆಯೊಳಗೆ ಸಿಕ್ಕಿಹಾಕಿಕೊಂಡಿದ್ದರು. ಹೊರಗೆ ಗುಂಡು, ಒಳಗೆ ಊಟ ಇಲ್ಲ. ಭಾರತ ಸರ್ಕಾರದ ಆಪರೇಷನ್ ಕಾವೇರಿಯಲ್ಲಿ ವಾಪಸ್ ಬಂದರು.

ಅಂಧೇರಿ_ಶೆಟ್ಟಿ
ಅವರೆಲ್ಲ ಖಾರ್ಟೂಮ್‌ನಲ್ಲಿದ್ದರು ಅಲ್ವಾ?

ತುಂಗೆ_ತೀರ
ಇಲ್ಲ. ಆಗ ಸುದ್ದಿಯಲ್ಲಿ ಬಂದ 31 ಜನರ ಗುಂಪು ಇದ್ದದ್ದು ಅಲ್-ಫಾಶರ್‌ನಲ್ಲಿ, ಸುಡಾನ್‌ನ ಪಶ್ಚಿಮಕ್ಕಿರುವ ದಾರ್ಫುರ್ ಕಡೆ. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯವರು. 2025ರ ಅಕ್ಟೋಬರ್ 26ಕ್ಕೆ ಮುತ್ತಿಗೆ ಹಾಕಿದ್ದ ಪಡೆಯ ಕೈಗೆ ಬಿತ್ತಲ್ಲ, ಅದೇ ಊರು.

ಕೊಂಢ್ವಾ_ಕಾವೇರಿ
ಹೌದು. ವೈಫೈ ಕೇಳಿದ ಆ ಹುಡುಗನ ಚಿಕ್ಕಮ್ಮನ ಸಂಸಾರ ಅಲ್-ಫಾಶರ್‌ನಲ್ಲೇ ಇತ್ತು. ಊರಿಗೆ ಒಂದೂವರೆ ವರ್ಷ ಮುತ್ತಿಗೆ. ಕೊನೆಕೊನೆಗೆ ಅಂಬಾಜ್ ತಿಂದು ಬದುಕಿದ್ದರಂತೆ. ಅದೇನು ಅಂತ ಕೇಳಿದೆ. ಶೇಂಗಾ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುತ್ತದಲ್ಲ, ಆ ಹಿಂಡಿ. ನಾವು ಎಮ್ಮೆಗೆ ಹಾಕುವುದು. ನಡೆದುಕೊಂಡೇ ತವೀಲಾ ಅನ್ನುವ ಊರಿಗೆ ಬಂದಿದ್ದಾರೆ, 60 ಕಿಲೋಮೀಟರ್ ಹತ್ತಿರ ಹತ್ತಿರ. ಚಿಕ್ಕಪ್ಪನ ಸುದ್ದಿ ಇನ್ನೂ ಇಲ್ಲ.

ನೇರಮಾತು
ಇದು ನನಗೆ ಗೊತ್ತಿರಲಿಲ್ಲ ಅಕ್ಕ. ಮೇಲೆ ಬರೆದದ್ದರ ಧಾಟಿ ಸರಿ ಇರಲಿಲ್ಲ.

ಆದರೆ ನಂಬಿಕೆಯ ಪ್ರಶ್ನೆ ಹಾಗೇ ಇದೆ. ದೊಡ್ಡ ದೊಡ್ಡ ಸಂಸ್ಥೆಗಳಿಗೇ ಒಳಗೆ ಹೋಗಲು ಆಗುತ್ತಿಲ್ಲ. ಓಣಿಯ ಹುಡುಗರು ಹೇಗೆ ಮಾಡುತ್ತಾರೆ?

ವಾನವಡಿ_ವೈದ್ಯೆ
ಓಣಿಯವರಾದ್ದರಿಂದಲೇ ಆಗುತ್ತದೆ. ಸುಡಾನ್‌ನಲ್ಲಿ ಇವರಿಗೆ ತುರ್ತು ಸ್ಪಂದನ ಕೋಣೆಗಳು ಅನ್ನೋ ಅರ್ಥದ ಹೆಸರಿದೆ. ಇಂಗ್ಲಿಷ್‌ನಲ್ಲಿ ಇಆರ್‌ಆರ್ ಅಂತ ಕರೆಯುತ್ತಾರೆ. 2018-19ರಲ್ಲಿ ಅಲ್ಲಿನ ಸರ್ವಾಧಿಕಾರದ ವಿರುದ್ಧ ಚಳವಳಿ ನಡೆದಾಗ ಕೇರಿ ಕೇರಿಯಲ್ಲೂ ಸಮಿತಿಗಳಿದ್ದವು. ಯುದ್ಧ ಬಂದಾಗ ಅದೇ ಹುಡುಗ ಹುಡುಗಿಯರು ಅಡುಗೆ, ಔಷಧಿ, ನೀರು, ಗಾಯಾಳುಗಳನ್ನು ಸಾಗಿಸುವುದು ಎಲ್ಲಕ್ಕೂ ನಿಂತರು. ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಅಂತ ಓಣಿಯವರಿಗೆ ಗೊತ್ತಿರುತ್ತದೆ. ಹೊರಗಿನವರು ಸರ್ವೆ ಮಾಡಿ ಪಟ್ಟಿ ತಯಾರಿಸುವಷ್ಟರಲ್ಲಿ ಇವರು ಊಟ ಬಡಿಸಿರುತ್ತಾರೆ.

2025ರಲ್ಲಿ ಇವರಿಗೆ ನಾರ್ವೆಯ ರಾಫ್ಟೊ ಪ್ರಶಸ್ತಿ, ಸ್ವೀಡನ್‌ನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಎರಡೂ ಬಂದಿವೆ. ಆದರೆ ಅದೇ ವರ್ಷ ಜನವರಿಯಲ್ಲಿ ಅಮೆರಿಕ ತನ್ನ ನೆರವು ನಿಲ್ಲಿಸಿತು, ಸಾವಿರಕ್ಕೂ ಹೆಚ್ಚು ಅಡುಗೆ ಮನೆಗಳು ಮುಚ್ಚಿದವು. ಅಡುಗೆಯವರಿದ್ದರು, ಹಂಡೆ ಇತ್ತು, ಉಣ್ಣುವವರು ಸಾಲಿನಲ್ಲಿದ್ದರು. ಬೇಳೆ ಇರಲಿಲ್ಲ.

ಲೆಕ್ಕದ ಬಗ್ಗೆ ಕೇಳಿದಿರಿ. ಅಂಥ ಅಡುಗೆ ಮನೆಯವರು ಅಂಗಡಿಯ ಚೀಟಿ, ಹಂಡೆಯ ಫೋಟೋ, ಎಷ್ಟು ತಟ್ಟೆ ಹೋಯಿತು ಅನ್ನೋದನ್ನು ದಿನಾ ಹಾಕುವುದನ್ನು ನೋಡಿದ್ದೇನೆ. ನಮ್ಮ ಎಷ್ಟು ಸಂಘಗಳು ಹಾಗೆ ಹಾಕುತ್ತವೆ?

ಸೊಲ್ಲಾಪುರದವ
ಅವರಲ್ಲಿ ನಫೀರ್ ಅಂತ ಒಂದು ಪದ್ಧತಿ ಇದೆ. ಬೆಳೆ ಕೊಯ್ಯಬೇಕು, ಮನೆ ಕಟ್ಟಬೇಕು ಅಂದರೆ ಊರಿನವರೆಲ್ಲ ಕೂಲಿ ಇಲ್ಲದೆ ಬಂದು ಮಾಡಿಕೊಡುತ್ತಾರೆ. ನಮ್ಮ ಮುಯ್ಯಾಳು ಇದ್ದ ಹಾಗೆ.

ಯುದ್ಧಕ್ಕೆ ನೆರವು ಅಂದರೆ ನಮ್ಮ ಊರಿನವರು ಡಾ. ದ್ವಾರಕಾನಾಥ ಕೋಟ್ನಿಸ್ ನೆನಪಾಗುತ್ತಾರೆ. 1938ರಲ್ಲಿ ಜಪಾನ್ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ಐದು ಜನ ವೈದ್ಯರು ಹೋದರಲ್ಲ, ಅವರಲ್ಲಿ ಒಬ್ಬರು. ಆಗ ಕಾಂಗ್ರೆಸ್ಸಿನವರು ದೇಶದ ತುಂಬಾ ಚೀನಾ ದಿನ ಅಂತ ಮಾಡಿ 22,000 ರೂಪಾಯಿ ಕೂಡಿಸಿದ್ದರು. ನಾವೇ ಆಳಿಸಿಕೊಳ್ಳುತ್ತಿದ್ದ ಕಾಲ ಅದು.

ಜುಹು_ಹುಡುಗ
ಕೋಟ್ನಿಸ್ ಪುಣೆಯವರು ಅಂದುಕೊಂಡಿದ್ದೆ.

ಸೊಲ್ಲಾಪುರದವ
ಹುಟ್ಟಿದ್ದು ಸೊಲ್ಲಾಪುರ, ಡಾಕ್ಟರಿ ಓದಿದ್ದು ಮುಂಬೈ. ಚೀನಾದಲ್ಲೇ 1942ರ ಡಿಸೆಂಬರ್‌ನಲ್ಲಿ ತೀರಿಕೊಂಡರು, 32 ವರ್ಷಕ್ಕೆ. ಸೊಲ್ಲಾಪುರದಲ್ಲಿ ಅವರ ಮನೆಯನ್ನು ಸ್ಮಾರಕ ಮಾಡಿದ್ದಾರೆ, ಬಂದರೆ ನೋಡಿ.

ಭೀಮಾ_ದಂಡೆ
ಕೊಲ್ಹಾಪುರದ ಹತ್ತಿರ ವಳಿವಡೆ ಇದೆಯಲ್ಲ, ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಸುಮಾರು 5,000 ನಿರಾಶ್ರಿತರು ಅಲ್ಲಿ ವರ್ಷಗಟ್ಟಲೆ ಇದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. ನಮ್ಮ ಅಜ್ಜ ಅಲ್ಲಿಗೆ ತರಕಾರಿ ಗಾಡಿ ಹೊಡೆಯುತ್ತಿದ್ದರು. ಆ ಹೆಂಗಸರು ಮರಾಠಿಯಲ್ಲಿ ಚೌಕಾಸಿ ಮಾಡುವುದನ್ನು ಕಲಿತಿದ್ದರು ಅಂತ ಹೇಳುತ್ತಿದ್ದರು.

ವಾಸ್ಕೋ_ಗದಗ
ಗೋವಾದಿಂದ ನಮ್ಮದೂ ಒಂದು. ನಾನು ಆರಂಬೋಲ್‌ನಲ್ಲಿ ಒಂದು ಗೆಸ್ಟ್‌ಹೌಸ್ ಅಡುಗೆ ನೋಡಿಕೊಳ್ಳುತ್ತಿದ್ದೆ. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ನಮ್ಮಲ್ಲಿ ಖಾರ್ಕೀವ್‌ನ ಒಬ್ಬ ತಾಯಿ ಮಗಳು ಇದ್ದರು, ರಷ್ಯಾದ ಒಂದು ಜೋಡಿಯೂ ಇತ್ತು. ಮಾರ್ಚ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು ರಷ್ಯಾದ ಕಾರ್ಡ್‌ಗಳನ್ನು ನಿಲ್ಲಿಸಿದವು, ಆ ಜೋಡಿಗೆ ದುಡ್ಡು ತೆಗೆಯಲು ಆಗಲಿಲ್ಲ. ಇತ್ತ ತಾಯಿ ಮಗಳಿಗೆ ಹೋಗಲು ಮನೆಯೇ ಇಲ್ಲ. ಒಂದು ವಾರ ನಾಲ್ಕೂ ಜನ ಬೇರೆ ಬೇರೆ ಹೊತ್ತಿಗೆ ಊಟಕ್ಕೆ ಬರುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಆಮೇಲೆ ಒಂದಿನ ಆ ರಷ್ಯನ್ ಹೆಂಗಸು ಅಡುಗೆ ಮನೆಗೆ ಬಂದು ಬೀಟ್‌ರೂಟ್ ಇದೆಯಾ ಅಂದಳು. ಸಾರು ಮಾಡಿ ಪಾತ್ರೆ ತಗೊಂಡು ಹೋಗಿ ಆ ತಾಯಿಯ ಬಾಗಿಲ ಮುಂದೆ ಇಟ್ಟು ಬಂದಳು. ಬಾಗಿಲು ತೆರೆಯಲು ತುಂಬಾ ಹೊತ್ತು ಹಿಡಿಯಿತು. ಪಾತ್ರೆ ಮರುದಿನ ತೊಳೆದು ವಾಪಸ್ ಬಂತು.

ಪಿಂಪ್ರಿ_ಪ್ರಕಾಶ
ಮಾತು ಎಲ್ಲೆಲ್ಲೋ ಹೋಯಿತು. ಕಾವೇರಿ ಮೇಡಂ ದುಡ್ಡಿನ ಕಥೆ ಏನಾಯಿತು?

ವಾನವಡಿ_ವೈದ್ಯೆ
ನನಗೆ ಅನ್ನಿಸುವುದು ಹೇಳಲಾ? ಈ 86,400ರಲ್ಲಿ ಒಂದು ಪೈಸೆಯೂ ಸುಡಾನ್‌ಗೆ ಕಳಿಸಬೇಡಿ. ಆ ಏಳು ಹುಡುಗರಿಗೆ ಖರ್ಚು ಮಾಡಿ. ಯುದ್ಧದಿಂದ ಪೆಟ್ಟು ತಿಂದವರು ಅವರೂ ಹೌದು ತಾನೇ? ಮನೆಯಿಂದ ದುಡ್ಡು ಬರುವುದು ನಿಂತಿದೆ. ವಿದ್ಯಾರ್ಥಿ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಫೀಸ್ ಕಟ್ಟದಿದ್ದರೆ ಇವನು ನಮ್ಮ ವಿದ್ಯಾರ್ಥಿ ಅನ್ನೋ ಬೋನಫೈಡ್ ಪತ್ರವನ್ನು ಕಾಲೇಜು ಕೊಡುವುದಿಲ್ಲ. ಅದಿಲ್ಲದೆ ವಿದೇಶಿಯರ ನೋಂದಣಿ ಕಚೇರಿ ಎಫ್‌ಆರ್‌ಆರ್‌ಒದಲ್ಲಿ ವೀಸಾ ಮುಂದುವರಿಯುವುದಿಲ್ಲ. ನನ್ನ ಕ್ಲಿನಿಕ್‌ಗೆ ಬಂದ ಒಬ್ಬ ವಿದ್ಯಾರ್ಥಿಗೆ ತಲೆಸುತ್ತು ಅಂತ ರಕ್ತ ಪರೀಕ್ಷೆ ಬರೆದೆ. ಆಮೇಲೆ ಕೇಳಿದರೆ ಎರಡು ದಿನದಿಂದ ಬರೀ ಚಹಾ, ಪಾವ್. ಪರೀಕ್ಷೆಯ ಚೀಟಿ ವಾಪಸ್ ತಗೊಂಡೆ.

ದಾದರ್_ಸಿಎ
ಕಾನೂನಿನ ಕಡೆಯಿಂದಲೂ ಇದೇ ನೇರ ದಾರಿ. ಖರ್ಚು ಇಲ್ಲೇ ಆಗುತ್ತದೆ. ಕೈಗೆ ನಗದು ಕೊಡುವ ಬದಲು ಅಂಗಡಿಗೆ, ಕಾಲೇಜಿಗೆ ನೇರ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಸುಡಾನ್‌ಗೇ ಕೊಡಬೇಕು ಅನ್ನುವವರು ಅಂತರರಾಷ್ಟ್ರೀಯ ಸಂಸ್ಥೆಯೊಂದನ್ನು ಚೆನ್ನಾಗಿ ವಿಚಾರಿಸಿ, ತಮ್ಮ ತಮ್ಮ ಖಾತೆಯಿಂದ ಕಳಿಸಲಿ.

ಮತ್ತೆ ಹುಂಡಿಗೆ ಹಾಕಿದವರಿಗೆ ಸುಡಾನ್ ಅಂತ ಹೇಳಿ ತಗೊಂಡಿದ್ದೀರಿ. ಬದಲಾಯಿಸುವ ಮೊದಲು ಅವರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಇದು ಮುಖ್ಯ.

ಪಿಂಪ್ರಿ_ಪ್ರಕಾಶ
ಒಳ್ಳೆಯದು. ಒಂದು ಸಣ್ಣ ಕಾರ್ಯಕ್ರಮ ಮಾಡಿ ಹುಡುಗರನ್ನು ವೇದಿಕೆಗೆ ಕರೆದು ಚೆಕ್ ಕೊಡೋಣ. ಸಂಘದ ಸಂಚಿಕೆಗೆ ಫೋಟೋ ಬೇಕಾಗುತ್ತದೆ.

ಮಲ್ದಂಡಿ_ಜೋಳ
ಬೇಡವೇ ಬೇಡ ಅಣ್ಣ. ಎರಡು ವರ್ಷದ ಹಿಂದೆ ಒಂದು ಗುಂಪಿನವರು ಒಬ್ಬ ಹುಡುಗಿಗೆ ಅಕ್ಕಿ ಮೂಟೆ ಕೊಟ್ಟು, ಬ್ಯಾನರ್ ಹಿಡಿಸಿ, ನಾಲ್ಕು ಸಲ ಫೋಟೋ ತೆಗೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಅವಳು ಬ್ಯಾನರ್ ಮೇಲೆತ್ತಿ ಮುಖ ಮುಚ್ಚಿಕೊಂಡಳು. ಇನ್ನೂ ಕೆಳಗೆ ಹಿಡಿ ಅಂದರು. ನಾನು ಅಲ್ಲಿ ಸುಮ್ನೆ ನಿಂತಿದ್ದೆ, ಅದು ಇವತ್ತಿಗೂ ಚುಚ್ಚುತ್ತದೆ.

ಪಿಂಪ್ರಿ_ಪ್ರಕಾಶ
ಆದರೆ ಫೋಟೋ ಇಲ್ಲದಿದ್ದರೆ ಮುಂದಿನ ಸಲ ಜನ ಕೊಡುವುದಿಲ್ಲ. ನಾನು ಚಂದಾ ಎತ್ತುವವನು, ನನಗೆ ಗೊತ್ತು.

ಮಾಟುಂಗಾ_ಹಿರಿಯ
ಅಂಗಡಿ ರಸೀದಿಯ ಫೋಟೋ ಹಾಕು. ಜೋಳದ ಚೀಲದ ಫೋಟೋ ಹಾಕು. ಮುಖ ಯಾಕೆ ಬೇಕು?

ಪಿಂಪ್ರಿ_ಪ್ರಕಾಶ
ಸರಿ ಅಜ್ಜಾ. ರಸೀದಿಯೇ ಹಾಕುತ್ತೇನೆ.

ಅಂಧೇರಿ_ಶೆಟ್ಟಿ
ನನ್ನ ಪರಿಚಯದ ಒಂದು ಮೆಸ್ ಕೊಂಢ್ವಾ ಹತ್ತಿರವೇ ಇದೆ. ತಿಂಗಳಿಗೆ ತಲಾ 3,200ಕ್ಕೆ ಮಾತಾಡಿಸುತ್ತೇನೆ. ಎರಡು ಹೊತ್ತು ಚಪಾತಿ, ಅನ್ನ, ಸಾರು.

ವಾನವಡಿ_ವೈದ್ಯೆ
ಅವರನ್ನು ಕೇಳಿದಿರಾ?

ಕೊಂಢ್ವಾ_ಕಾವೇರಿ
ಇವತ್ತು ಮೇಲೆ ಹೋಗಿ ಕೇಳಿದೆ. ಬಹಳ ಹೊತ್ತು ಏನೂ ಬೇಡ ಅಂದರು. ಆಮೇಲೆ ದೊಡ್ಡವನು ಮೆಲ್ಲಗೆ ಹೇಳಿದ: ಮೆಸ್ ಬೇಡ, ನಾವೇ ಅಡುಗೆ ಮಾಡುತ್ತೇವೆ, ಸಿಲಿಂಡರ್ ಖಾಲಿಯಾಗಿದೆ. ಎಣ್ಣೆ, ಈರುಳ್ಳಿ, ಬೇಳೆ, ಜೀರಿಗೆ. ನಮ್ಮ ಅವರೆಯ ಹಾಗೆ ದಪ್ಪ ಕಾಳು ಇರುತ್ತದೆ, ಅದನ್ನು ರಾತ್ರಿಯಿಡೀ ಬೇಯಿಸಿ ಫೂಲ್ ಅಂತ ಮಾಡುತ್ತಾರೆ. ಇನ್ನೊಂದು ಕೇಳಿದ. ಇಲ್ಲಿ ಅಂಗಡಿಯಲ್ಲಿ ಜ್ವಾರಿ ಹಿಟ್ಟು ಸಿಗುತ್ತದಲ್ಲ, ಅದು.

ಮಲ್ದಂಡಿ_ಜೋಳ
ಜೋಳದ ಹಿಟ್ಟಾ? ಅವರು ಜೋಳ ತಿನ್ನುತ್ತಾರಾ?

ಕೊಂಢ್ವಾ_ಕಾವೇರಿ
ಅದೇ ಅವರ ಮುಖ್ಯ ಊಟ ಅಂತೆ ಅಕ್ಕ. ಹಿಟ್ಟನ್ನು ಹುಳಿ ಬರಿಸಿ ತೆಳ್ಳಗೆ ಹೆಂಚಿನ ಮೇಲೆ ಎಳೆಯುತ್ತಾರೆ, ಕಿಸ್ರಾ ಅಂತ. ಗಟ್ಟಿ ಮಾಡಿ ತಿರುವಿದರೆ ಅಸೀದಾ. ಫೋಟೋ ನೋಡಿದೆ, ಥೇಟ್ ನಮ್ಮ ಜೋಳದ ಮುದ್ದೆ.

ಸೊಲ್ಲಾಪುರದವ
ಜೋಳವನ್ನು ಮನುಷ್ಯ ಮೊದಲು ಬೆಳೆಸಿದ ಗುರುತು ಸಿಕ್ಕಿರುವುದೇ ಸುಡಾನ್‌ನ ಪೂರ್ವ ಭಾಗದಲ್ಲಿ. ಐದು ಸಾವಿರ ವರ್ಷದ ಹಿಂದಿನದು. ಅಲ್ಲಿಂದ ನಮ್ಮ ಕಡೆಗೆ ಬಂದದ್ದು.

ಮಲ್ದಂಡಿ_ಜೋಳ
ಅಯ್ಯೋ, ಹಾಗಾದರೆ ನಾವು ಹುಟ್ಟಿದಾಗಿನಿಂದ ಉಂಡದ್ದು ಅವರ ಊರಿನ ಕಾಳು. ಜೋಳದ ಋಣ ನಮ್ಮ ಮೇಲೆಯೇ ಇದೆ. ನೇರಮಾತು ಅವರೇ, ಇನ್ನು ಕೇಳಬೇಡಿ ಯಾಕೆ ಸುಡಾನ್ ಅಂತ!

ಅಂಗಡಿ ಹಿಟ್ಟು ಬೇಡ ಕಾವೇರಿ. ಹಳೇ ಹಿಟ್ಟಿಗೆ ಜಿಗುಟು ಇರುವುದಿಲ್ಲ. ಮಾರ್ಕೆಟ್ ಯಾರ್ಡ್‌ನಿಂದ ಮಲ್ದಂಡಿ ತಳಿಯ ಜೋಳ ತಂದು ಗಿರಣಿಯಲ್ಲಿ ಬೀಸಿಸೋಣ.

ಜುಹು_ಹುಡುಗ
ಹುಳಿ ಬರಿಸಿದ ರೊಟ್ಟಿನಾ? ನಮ್ಮ ನೀರುದೋಸೆ ಹತ್ತಿರ ಬರುತ್ತದಲ್ಲ.

ಅಬುಧಾಬಿ_ಕುಂದಾಪ್ರ
ನೀರುದೋಸೆಗೆ ಹುಳಿ ಬರಿಸುವುದಿಲ್ಲ ಮಾರಾಯ. ಯಾವ ಊರು ನಿಂದು?

ಕಾತ್ರಜ್_ಮೇಷ್ಟ್ರು
ತಡವಾಗಿ ಬಂದೆ. ಪುಣೆಯವರಿಗೆ ಈ ಕೆಲಸ ಹೊಸದಲ್ಲ ಅಂತ ಹೇಳಲು ಬರೆಯುತ್ತಿದ್ದೇನೆ. ಇಲ್ಲಿಂದ ಅಧಿಕ್ ಕದಂ ಅನ್ನುವ ಯುವಕ ಕಾಶ್ಮೀರದ ಕುಪ್ವಾರಾಕ್ಕೆ ಹೋಗಿ, 2002ರಲ್ಲಿ ನಾಲ್ಕು ಅನಾಥ ಹುಡುಗಿಯರಿಗೆ ಒಂದು ಮನೆ ಶುರು ಮಾಡಿದರು. ಅವರ ಸಂಸ್ಥೆ ಬಾರ್ಡರ್‌ಲೆಸ್ ವರ್ಲ್ಡ್ ಫೌಂಡೇಶನ್ ಬೆಳೆದದ್ದು ಹಾಗೆ. ನಮ್ಮ ಕಾತ್ರಜ್ ಕಡೆಯ ಸರಹದ್ ಸಂಸ್ಥೆ ಕಾಶ್ಮೀರದ ಮಕ್ಕಳನ್ನು ಕರೆತಂದು ಪುಣೆಯಲ್ಲೇ ಓದಿಸುತ್ತಿದೆ. 

ಒಂದು ಸಲಹೆ: ಮೂರು ತಿಂಗಳ ಮೇಲೆ ಏನು ಅಂತ ಈಗಲೇ ಯೋಚಿಸಿ. ಮೊದಲ ವಾರ ಎಲ್ಲರೂ ಕೊಡುತ್ತಾರೆ. ಆರನೇ ತಿಂಗಳಿಗೆ ಫೋನ್ ಎತ್ತುವವರು ಇರುವುದಿಲ್ಲ. ತಿಂಗಳಿಗೆ 200 ರೂಪಾಯಿಯಂತೆ ನಲವತ್ತು ಜನ ಸಿಕ್ಕರೆ, ಒಂದೇ ಸಲ ಬರುವ ದೊಡ್ಡ ಮೊತ್ತಕ್ಕಿಂತ ಅದು ಗಟ್ಟಿ.

ನೇರಮಾತು
ನನ್ನ ಹೆಸರು ಬರೆದುಕೊಳ್ಳಿ. 500. ಜನವರಿಯಿಂದ.

ವಾಸ್ಕೋ_ಗದಗ
ನನ್ನದು 200.

ತುಂಗೆ_ತೀರ
200. ಒಬ್ಬ ಹುಡುಗನಿಗೆ ಅಂಕಿಅಂಶ ಪಾಠ ಬೇಕಿದ್ದರೆ ಶನಿವಾರ ಹೇಳಿಕೊಡುತ್ತೇನೆ, ನಾನು ಹತ್ತಿರದಲ್ಲೇ ಇದ್ದೇನೆ.

ಕೊಂಢ್ವಾ_ಕಾವೇರಿ
ಎಲ್ಲರಿಗೂ ತಿಳಿಸುತ್ತಿದ್ದೇನೆ. ಹುಂಡಿಗೆ ಹಾಕಿದವರಿಗೆ ಗುಂಪಿನಲ್ಲಿ ಕೇಳಿದೆವು. ಇಬ್ಬರು ತಮ್ಮ ಹಣ ನೆರೆ ಪರಿಹಾರಕ್ಕೆ ಹೋಗಲಿ ಅಂದರು, ಅವರ 1,500 ವಾಪಸ್ ಕೊಟ್ಟೆವು. ಉಳಿದದ್ದು 84,900.

ಎರಡೂ ರೂಮಿಗೆ ಸೇರಿ ಸಿಲಿಂಡರ್, ರೇಷನ್ ತಿಂಗಳಿಗೆ 15,500. ಮೂರು ತಿಂಗಳದ್ದು 46,500 ಕಿರಾಣಿ ಅಂಗಡಿ ಮತ್ತು ಗ್ಯಾಸ್‌ನವರಿಗೆ. ಒಬ್ಬನ ಪರೀಕ್ಷೆ ಫೀಸ್ 18,000 ಕಾಲೇಜಿಗೆ ನೇರ ಕಟ್ಟಿದೆವು, ಬೋನಫೈಡ್ ಪತ್ರ ನಿನ್ನೆ ಸಿಕ್ಕಿತು. ಉಳಿದ 20,400 ಔಷಧಿ ಮತ್ತು ತುರ್ತಿಗೆ. ಪ್ರಕಾಶ ಅವರು ರಸೀದಿಗಳ ಫೋಟೋ ಹಾಕುತ್ತಾರೆ.

ಬಳಗದ ಮೂರು ಜನ ತಮ್ಮ ಖಾತೆಯಿಂದ ಎ2 ಫಾರ್ಮ್ ತುಂಬಿ ಹೊರಗಿನ ಒಂದು ಸಂಸ್ಥೆಗೆ ಕಳಿಸಿದ್ದಾರೆ. ಬ್ಯಾಂಕಿನಲ್ಲಿ ಎರಡು ಸಲ ಓಡಾಡಬೇಕಾಯಿತು, ಆದರೂ ಆಯಿತು.

ಚಿಕ್ಕಪ್ಪನ ಸುದ್ದಿ ಇನ್ನೂ ಬಂದಿಲ್ಲ. ನಿನ್ನೆ ಮಧ್ಯಾಹ್ನ ಒಂದೂವರೆಗೆ ಆ ಹುಡುಗನ ಅಕ್ಕನಿಂದ ಫೋಟೋ ಬಂತು. ಅಲ್ಲಿ ಆಗ ಬೆಳಿಗ್ಗೆ ಹತ್ತು. ರಟ್ಟಿನ ಮೇಲೆ ಆ ದಿನ ಒಂದೇ ಸಾಲು ಇತ್ತು: ಉಪ್ಪು.

ಭಾನುವಾರ ಜೋಳ ತರಲು ಹೋಗುತ್ತೇವೆ. ಮಾರ್ಕೆಟ್ ಯಾರ್ಡ್‌ಗೆ ಯಾರ ಹತ್ತಿರ ಗಾಡಿ ಇದೆ?

ಮಲ್ದಂಡಿ_ಜೋಳ
ನಮ್ಮವರ ಕಾರ್ ಇದೆ. ಬೆಳಿಗ್ಗೆ ಏಳಕ್ಕೆ ನಿಮ್ಮ ಗೇಟಿನ ಹತ್ತಿರ ಇರುತ್ತೇನೆ. ಆ ದೊಡ್ಡ ಹುಡುಗನನ್ನೂ ಕರೆದುಕೊಂಡು ಬನ್ನಿ, ಕಾಳು ಅವನೇ ಆರಿಸಲಿ.

ನೇರಮಾತು
ನಾನು ಹಡಪ್ಸರ್‌ನಿಂದ ಬರುತ್ತೇನೆ. ಚೀಲ ಎತ್ತಲು ಆಗುತ್ತದೆ.